ಬೀಗರ ದೋಣಿ

ಹೇಳುವುದಿದ್ದರೆ ದೋಣಿ ಹತ್ತುವ ಮೊದಲೇ ಹೇಳಿಬಿಡಬೇಕಿತ್ತು. ದಕ್ಕೆಯ ಮೆಟ್ಟಿಲ ಮೇಲೆ ಚೀಲ ಕೆಳಗಿಟ್ಟು, ಬೀಗರ ಮುಖ ನೋಡಿ, ಎರಡೇ ಮಾತಿನಲ್ಲಿ ಮುಗಿಸಿ ಬಂದ ದಾರಿಯಲ್ಲೇ ತಿರುಗಿ ನಡೆದಿದ್ದರೆ ಈ ಹೊತ್ತಿಗೆ ಅವನು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಮನೆಯ ಕಡೆ ಹೋಗುತ್ತಿರುತ್ತಿದ್ದ. ಆದರೆ ಬೀಗರು ಆಗಲೇ ದೋಣಿಯೊಳಗೆ ನಿಂತು ಕೈ ಚಾಚಿದ್ದರು. ನಿಧಾನ ಬೀಗರೇ, ಕೊನೇ ಮೆಟ್ಟಿಲು ಜಾರತ್ತೆ ಎಂದು ಪ್ರತಿ ವಾರ ಹೇಳುವುದನ್ನೇ ಹೇಳಿದರು. ಚಾಚಿದ ಕೈಯನ್ನು ಹಿಡಿದುಕೊಂಡು ಅಂಥ ಮಾತು ಆಡುವುದು ಹೇಗೆ? ಹಿಡಿಯದೆ ಇರುವುದಾದರೂ ಹೇಗೆ? ಅವನು ಹಿಡಿದ, ಹತ್ತಿದ, ಮುಂದಿನ ಹಲಗೆಯ ಮೇಲೆ ತನ್ನ ಮಾಮೂಲಿ ಜಾಗದಲ್ಲಿ ಕೂತ. ಇಂಜಿನ್ ಶುರುವಾದರೆ ಮಾತು ಕೇಳಿಸುವುದಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನವಾಯಿತು, ಹಾಗೆ ಸಮಾಧಾನವಾದದ್ದಕ್ಕೆ ತನ್ನ ಬಗ್ಗೆಯೇ ಹೇಸಿಗೆಯೂ ಆಯಿತು.

ಬೆಳಿಗ್ಗೆ ಹೆಂಡತಿ ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟು ಬಾಗಿಲವರೆಗೂ ಬಂದಿದ್ದಳು. ಹಾಗೆ ಬರುವವಳಲ್ಲ. ಸುತ್ತಿ ಬಳಸಿ ಹೇಳಬೇಡಿ, ಮಗಳು ಇನ್ನು ಆ ಮನೆಗೆ ಕಾಲಿಡುವುದಿಲ್ಲ ಅಂತ ನೇರವಾಗಿ ಹೇಳಿ, ಅವಳ ಬಟ್ಟೆ, ಸರ್ಟಿಫಿಕೇಟು, ಹೊಲಿಗೆ ಮೆಷೀನು ಇಂಥ ದಿನ ತರಲು ಬರುತ್ತೇವೆ ಅನ್ನಿ ಎಂದು ಪಾಠ ಹೇಳಿಕೊಟ್ಟಳು. ಅವನು ಹೂಂಗುಟ್ಟಿದ. ಮಗಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಎದ್ದಿದ್ದಾಳೋ ಇಲ್ಲವೋ ಗೊತ್ತಿಲ್ಲ. ತನ್ನದೇ ಮನೆಯಲ್ಲಿ ಕಳ್ಳನ ಹಾಗೆ ತುದಿಗಾಲಲ್ಲಿ ದಾಟಿ ಬಂದಿದ್ದ, ಮೀನು ಹಿಡಿಯುವ ರಾಡುಗಳನ್ನು ಗೋಡೆಗೆ ತಾಗದ ಹಾಗೆ ಎದೆಗೆ ಅವಚಿಕೊಂಡು. ಮಗಳು ಸಣ್ಣ ಸೂಟ್‌ಕೇಸಿನೊಂದಿಗೆ ಬಂದು ಮೂರು ವಾರವಾಗಿತ್ತು. ಅಮ್ಮನ ಮಂಡಿನೋವಿಗೆ ಆಸರೆಯಾಗಿ ಬಂದಿದ್ದಾಳೆ ಎಂದು ಅಕ್ಕಪಕ್ಕದವರಿಗೂ ಬೀಗರಿಗೂ ಹೇಳಿಯಾಗಿತ್ತು. ಮಂಡಿನೋವು ನಿಜವೇ ಆದ್ದರಿಂದ ಸುಳ್ಳು ಹೇಳಿದ ಹಾಗೂ ಆಗಿರಲಿಲ್ಲ.

ಅಳಿವೆ ದಾಟಿ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಅಂಚಿಗೆ ಬಂದಾಗ ಬೀಗರು ಇಂಜಿನ್ ನಿಲ್ಲಿಸಿ ಉದ್ದನೆಯ ಕೋಲು ಕೈಗೆತ್ತಿಕೊಂಡರು. ಇಷ್ಟು ಹೊತ್ತು ತುಂಬಿಕೊಂಡಿದ್ದ ಸದ್ದು ಒಮ್ಮೆಲೇ ಖಾಲಿಯಾಗಿ, ಬೇರುಗಳ ನಡುವೆ ನೀರು ಇಳಿಯುವ ಸಣ್ಣ ಜುಳುಜುಳು ಮಾತ್ರ ಉಳಿಯಿತು. ಬೆಳಗಿನ ತನಕ ಕಾಡಿನೊಳಗೆಲ್ಲ ಹರಡಿದ್ದ ನೀರು ಈಗ ವಾಪಸು ಹೊರಟಿತ್ತು. ಕೆಸರಿನಲ್ಲಿ ಕಮಾನು ಕಮಾನಾಗಿ ನಿಂತ ಬೇರುಗಳು ಒದ್ದೆ ಮೊಣಕಾಲುಗಳನ್ನು ಒಂದೊಂದಾಗಿ ತೋರಿಸುತ್ತಿದ್ದವು. ಒಳಗೆ ಅಡಗಿದ್ದ ಚಿಕ್ಕ ಮೀನು, ಸಿಗಡಿ ಎಲ್ಲ ಈ ನೀರಿನ ಜೊತೆ ಹೊರಗೆ ಬರಲೇಬೇಕು; ಅವು ಬರುವ ಸಂದಿಯ ಬಾಯಲ್ಲಿ ದೊಡ್ಡದು ಕಾದಿರುತ್ತದೆ. ಅವನು ಡಬ್ಬಿ ತೆರೆದ. ಒಳಗೆ ದೊಡ್ಡ ಮೀನನ್ನು ಸೆಳೆಯಲು ಅವನೇ ಮಾಡಿದ ಸುಳ್ಳು ಮೀನುಗಳು. ಮರದ ಮೈ, ಪಾರದರ್ಶಕ ಪ್ಲಾಸ್ಟಿಕ್ಕಿನ ಚಿಕ್ಕ ಗದ್ದ, ಹೊಟ್ಟೆಯ ಕೆಳಗೊಂದು ಬಾಲದಲ್ಲೊಂದು ಮೂರು ಮೊನೆಯ ಗಾಳ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ಅವನು ಹಲ್ಲಿನ ಸೆಟ್ಟು ಕಟ್ಟುವವನು. ಹಲ್ಲಿಗೆ ಬಳಸುವ ಅಂಟು, ಹಲ್ಲಿಗೆ ಕೊಡುವ ಹೊಳಪು ಮೀನುಗಳಿಗೂ ಕೊಡುತ್ತಿದ್ದ. ಮುಖ ನೋಡಿರದ ಜನರ ದವಡೆಗಳು ಸುಣ್ಣದ ಅಚ್ಚಾಗಿ ಸಾಲುಗಟ್ಟಿ ಅವನೆದುರು ಬಾಯಿ ತೆರೆದು ಕೂತಿರುತ್ತಿದ್ದವು. ಅಷ್ಟು ಬಾಯಿಗಳಿದ್ದೂ ದಿನವಿಡೀ ಒಂದು ಮಾತಿಲ್ಲ. ಸ್ನೇಹಿತರು ಅಂತ ಅವನಿಗೆ ಯಾರೂ ಇರಲಿಲ್ಲ. ಇಲ್ಲ ಅಂತ ಗೊತ್ತಾದದ್ದೂ ಐವತ್ತು ದಾಟಿದ ಮೇಲೆ, ಮಗಳ ಮದುವೆಯಾಗಿ ಈ ಬೀಗರು ಸಿಕ್ಕ ಮೇಲೆ.

ಮೊದಲಿಗೆ ಇಬ್ಬರೂ ಬಿಗಿಯಾಗೇ ಇದ್ದರು, ನೀವು ಕೂತ್ಕೊಳ್ಳಿ, ಇಲ್ಲ ನೀವು ಮೊದಲು ಕೂತ್ಕೊಳ್ಳಿ ಅನ್ನುತ್ತ. ಹೆಣ್ಣಿನ ತಂದೆಯೆಂದು ಅವನು ಒಂದು ಗುಲಗಂಜಿ ಹೆಚ್ಚೇ ಬಾಗುತ್ತಿದ್ದ. ಒಂದು ದಿನ ಬೀಗರು ಇವನ ಮನೆಯ ಶೋಕೇಸಿನಲ್ಲಿದ್ದ ಮರದ ಮೀನನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, ಇದು ಈಜುತ್ತಾ ಎಂದು ಕೇಳಿದರು. ಈಜುತ್ತೆ ಎಂದು ಅವನು ನಾಚಿಕೊಂಡು ಹೇಳಿದ. ನನ್ನ ಹತ್ತಿರ ಒಂದು ಹಳೇ ದೋಣಿ ಇದೆ ಎಂದರು ಬೀಗರು. ಜೀವಮಾನವಿಡೀ ಫೆರಿ ನಡೆಸಿ ನಿವೃತ್ತರಾದವರು, ನೀರಿನ ಮೇಲಿದ್ದರೆ ಬಾಯಿ ಮುಚ್ಚುವವರಲ್ಲ. ಹಲ್ಲು ಕಟ್ಟೋ ಕೈ ನಿಮ್ದು, ಹಿಡಿದ ಮೀನಿಗೂ ಒಂದು ಸೆಟ್ಟು ಕಟ್ಟಿ ಕಳಿಸಿಬಿಡಿ ಎಂದು ನಗಿಸುತ್ತಿದ್ದರು. ಇವನು ಅವರಿಗೆ ಬೀಗರೇ, ಅವರು ಇವನಿಗೆ ಬೀಗರೇ. ಇಬ್ಬರಿಗೂ ಒಂದೇ ಹೆಸರಾದದ್ದು ಎಷ್ಟು ಅನುಕೂಲ ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು. ವಾರದ ಆರು ದಿನ ಅವನು ಈ ಏಳನೆಯ ದಿನದ ಕಡೆಗೇ ಕುತ್ತಿಗೆ ಚಾಚಿಕೊಂಡಿರುತ್ತಿದ್ದ.

ಮೊದಲ ಸಂದಿಗೆ ಎಸೆದ. ಮರದ ಮೀನು ಬೇರಿನ ಪಕ್ಕ ಸದ್ದಿಲ್ಲದೆ ಬಿತ್ತು. ರೀಲನ್ನು ಎರಡು ಸುತ್ತು ತಿರುಗಿಸಿ, ರಾಡಿನ ತುದಿಯನ್ನು ಚಿಟುಕಿದ ಹಾಗೆ ಎರಡು ಸಲ ಜಗ್ಗಿ, ಬಿಟ್ಟ. ಜಗ್ಗುವಾಗ ಏನೂ ಆಗುವುದಿಲ್ಲ. ಬಿಟ್ಟು ಸುಮ್ಮನಿರುವ ಆ ಗಳಿಗೆಯಲ್ಲೇ, ಗಾಯಗೊಂಡದ್ದು ಸುಸ್ತಾಗಿ ನಿಂತಿತು ಎಂದು ತಿಳಿದಾಗಲೇ, ದೊಡ್ಡದು ನುಗ್ಗುತ್ತದೆ. ನುಗ್ಗಲಿಲ್ಲ. ಈ ತಿರುವು ದಾಟಿದ ಮೇಲೆ ಹೇಳುತ್ತೇನೆ ಅಂದುಕೊಂಡ. ತಿರುವು ದಾಟಿತು. ಬೀಗರು ಇಂಜಿನ್ನಿನ ಎಣ್ಣೆ ಸೋರುವ ವಿಚಾರ, ರಕ್ತದೊತ್ತಡದ ಹೊಸ ಮಾತ್ರೆ, ಪಕ್ಕದ ಮನೆಯ ನಾಯಿ ತಮ್ಮ ಚಪ್ಪಲಿಯನ್ನೇ ಆರಿಸಿ ಒಯ್ಯುವುದು, ಎಲ್ಲ ಒಂದರ ಹಿಂದೊಂದು ಹೇಳುತ್ತಿದ್ದರು. ಅವನು ನಗಬೇಕಾದಲ್ಲಿ ನಕ್ಕ. ಬೀಗರು ಇವತ್ತು ಸೊಸೆಯ ಬಗ್ಗೆ ಕೇಳಲಿಲ್ಲ ಅನ್ನುವುದು ತಡವಾಗಿ ಹೊಳೆಯಿತು. ಬೇರೆ ದಿನ ದೋಣಿಯ ಹಗ್ಗ ಬಿಚ್ಚುವ ಮೊದಲೇ ಕೇಳುತ್ತಿದ್ದರು.

ಹೋದ ವರ್ಷ ಮಗಳು ಎರಡು ದಿನಕ್ಕೆಂದು ಬಂದಿದ್ದಾಗ ಎಡ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಬೀರುವಿನ ಬಾಗಿಲಿಗೆ ಸಿಕ್ಕಿತು ಅಂದಳು. ಅವನು ಪಟ್ಟಿಯನ್ನು ನೋಡಿದ. ಸುತ್ತುಗಳು ಒಂದರ ಮೇಲೊಂದು ಅರ್ಧರ್ಧ ಕೂತು, ಎಲ್ಲೂ ಸುಕ್ಕಿಲ್ಲದೆ, ಕೊನೆಯನ್ನು ಒಳಗೆ ಮಡಚಿ ಸಿಕ್ಕಿಸಿದ್ದರು. ಕೈಕೆಲಸ ಬಲ್ಲವರು ಕಟ್ಟಿದ್ದು ಎಂದು ಮೆಚ್ಚಿಕೊಂಡಿದ್ದ. ಮಗಳ ಕೈ ನೋಡುವುದು ಬಿಟ್ಟು ಪಟ್ಟಿ ನೋಡಿದ್ದ. ಆಮೇಲೆ, ಅಳಿಯಂದಿರು ಯಾವಾಗ ಬರುತ್ತಾರೆ ಎಂದು ಕೇಳಿದ್ದ. ಮಾರನೆಯ ದಿನ ರಜೆ. ಅಂದು ಇದೇ ದೋಣಿಯಲ್ಲಿ ಬೀಗರು ಕೋಲು ಊರಿ ನಿಂತು, ಯಾಕೋ ತಗ್ಗಿದ ದನಿಯಲ್ಲಿ, ನನ್ನ ಮಗನಿಗೆ ಸಿಟ್ಟು ಸ್ವಲ್ಪ ಜಾಸ್ತಿ ಬೀಗರೇ ಎಂದು ಶುರು ಮಾಡಿದ್ದರು. ಅವನು ಥಟ್ಟನೆ, ಈಗಿನ ಹುಡುಗರಿಗೆ ಕೆಲಸದ ಒತ್ತಡ ಬೀಗರೇ, ಎಲ್ಲರ ಮನೇಲೂ ಇದ್ದದ್ದೇ ಎಂದು ಅವರ ಮಾತನ್ನು ತಾನೇ ಮುಗಿಸಿ, ಅವರ ಮುಖ ನೋಡದೆ ಎಸೆದಿದ್ದ. ಆ ಎಸೆತಕ್ಕೇ ಕೆಂಬೇರಿ ಬಿತ್ತು. ತಾಮ್ರದ ಬಣ್ಣದ, ತೋಳುದ್ದದ, ಬೇರಿನ ಕಡೆಗೇ ಎಳೆಯುವ ಹಟಮಾರಿ ಮೀನು. ಇಬ್ಬರೂ ಹುಡುಗರ ಹಾಗೆ ಕೂಗಾಡಿದ್ದರು. ಬಲೆಯಲ್ಲಿ ಎತ್ತಿದ ಮೇಲೆ ಯಾವ ಮಾತು ಅರ್ಧಕ್ಕೆ ನಿಂತಿತ್ತು ಎಂಬುದನ್ನು ಇಬ್ಬರೂ ಮರೆತವರ ಹಾಗೆ ಇದ್ದರು. ಆ ಮೀನನ್ನು ನಡುವೆ ಹಿಡಿದು ಇಬ್ಬರೂ ಹಲ್ಲು ಕಿರಿದ ಫೋಟೋ ಶೋಕೇಸಿನಲ್ಲಿದೆ. ಚೌಕಟ್ಟು ಹಾಕಿಸಿ ತಂದವಳು ಮಗಳೇ.

ಮೊನ್ನೆ ಸಂಜೆ ಅವನು ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಒಂದು ಮೀನಿಗೆ ಕಣ್ಣು ಬರೆಯುತ್ತಿದ್ದ. ಮಗಳು ಎದುರಿಗೆ ಬಂದು ಕೂತಳು. ವಕೀಲರ ಹತ್ತಿರ ಹೋಗಿ ಬಂದದ್ದರ ಬಗ್ಗೆ ತಾಯಿ ಅಡುಗೆಮನೆಯಿಂದ ಏನೋ ಹೇಳುತ್ತಿದ್ದಳು. ನೋಡಿದವರು ಯಾರಾದರೂ ಇದ್ದಾರಾ ಎಂದು ವಕೀಲರು ಕೇಳಿದರಂತೆ. ಅವನು ಕುಂಚದಿಂದ ಕಣ್ಣು ತೆಗೆಯದೆ, ಮೊದಲೇ ಹೇಳಬಾರದಿತ್ತಾ ಮಗಾ ಎಂದ. ಅವಳು ಬೇಸರವೂ ಇಲ್ಲದ ದನಿಯಲ್ಲಿ ಹೇಳಿದಳು: "ಮೀನು ಹಿಡ್ಕೊಂಡು ಬಂದ ದಿನವೆಲ್ಲ ನೀವು ಸ್ನಾನದ ಮನೇಲಿ ಶಿಳ್ಳೆ ಹಾಕ್ತಿದ್ರಂತೆ ಅಪ್ಪ. ಅಮ್ಮ ಫೋನಲ್ಲಿ ಹೇಳ್ತಿದ್ರು. ನಾನು ಬಾಯಿ ಬಿಟ್ರೆ ಅದು ನಿಂತುಹೋಗತ್ತಲ್ಲ ಅನ್ನಿಸ್ತು." ಆಮೇಲೆ ಎದ್ದು ಹೋದಳು. ಮೀನಿನ ಕಣ್ಣು ಗುಂಡಗೆ ಬರಲಿಲ್ಲ. ಒರೆಸಿ ಮತ್ತೆ ಬರೆದ, ಅದೂ ಬರಲಿಲ್ಲ.

ಬಿಸಿಲು ಏರಿತ್ತು. ಇಡೀ ದಡ ಹುಡುಕಿದರೂ ಒಂದು ಮೀನೂ ಕಚ್ಚಲಿಲ್ಲ. ಬೀಗರ ಮಾತು ತೆಳ್ಳಗಾಗುತ್ತ ಬಂದು ಈಗ ಬರೀ ಕೋಲು ಕೆಸರಿನಿಂದ ಕಿತ್ತು ಬರುವ ಸದ್ದು. ಕಿರಿದಾದ ಒಂದು ಕಾಲುವೆಯೊಳಗೆ ದೋಣಿ ನುಗ್ಗಿಸಿ, ಇಲ್ಲಿ ಇರಲೇಬೇಕು ಎಂದರು. ಅವನು ಎಸೆದ. ಕೈ ಸೋತಿತ್ತೋ ಮನಸ್ಸು ಇರಲಿಲ್ಲವೋ, ಮೀನು ಒಂದು ಮೊಳ ಹೆಚ್ಚು ಹೋಗಿ ಬೇರಿನ ಕಮಾನಿಗೆ ಸುತ್ತಿ ಕಚ್ಚಿಕೊಂಡಿತು. ಎಳೀಬೇಡಿ, ನಾನು ಬಿಡಿಸ್ತೀನಿ ಎಂದು ಬೀಗರು ದೋಣಿಯನ್ನು ಹತ್ತಿರಕ್ಕೆ ತಂದು, ಒಂದು ಕೈಯಲ್ಲಿ ಬೇರು ಹಿಡಿದು ಬಾಗಿದರು. ಬಾಗಿದ ಬೆನ್ನು, ಬೆವರಿಗೆ ಅಂಟಿದ ಅಂಗಿ, ಕತ್ತಿನ ಹಿಂದಿನ ಬಿಳಿಯ ಕೂದಲು. ಈ ಮನುಷ್ಯನ ಬೆನ್ನಿಗೆ ಹೇಳಿಬಿಡಬಹುದಲ್ಲ ಅನ್ನಿಸಿತು ಅವನಿಗೆ. ಬಾಯಿ ತೆರೆದ. ಮಾತು ಬರಲಿಲ್ಲ, ಕೈ ಮಾತ್ರ ರಾಡನ್ನು ಜಗ್ಗಿತು. ಎಳೀಬೇಡಿ ಅಂದದ್ದು ಕೇಳಿಸಿರಲಿಲ್ಲವೆ? ಕೇಳಿಸಿತ್ತು. ಬೇರಿನಿಂದ ಕಿತ್ತ ಮರದ ಮೀನು ಚಿಮ್ಮಿ ಬಂದು, ಅದರ ಗಾಳ ಬೀಗರ ಹೆಬ್ಬೆರಳಿನ ಬುಡದ ದಪ್ಪ ಮಾಂಸದಲ್ಲಿ ಹೂತುಕೊಂಡಿತು.

ಬೀಗರು ಕೂಗಲಿಲ್ಲ. ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡು ಹಿಂದಿನ ಹಲಗೆಯ ಮೇಲೆ ಕುಸಿದರು. ಅವನು ಕ್ಷಮಿಸಿ ಕ್ಷಮಿಸಿ ಎನ್ನುತ್ತ ಮೊಣಕಾಲೂರಿ ಅವರ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಗಾಳದ ಒಂದು ಮೊನೆ ಪೂರ್ತಿ ಒಳಗೆ ಹೋಗಿತ್ತು. ಮೊನೆಗೆ ಹಿಮ್ಮುಳ್ಳು ಇರುತ್ತದೆ. ಬಂದ ದಾರಿಯಲ್ಲಿ ಎಳೆದರೆ ಮಾಂಸ ಹರಿಯುತ್ತದೆ. ಮುಂದಕ್ಕೇ ದೂಡಿ, ಚರ್ಮದ ಇನ್ನೊಂದು ಕಡೆಯಿಂದ ಮೊನೆ ಹೊರಗೆ ಬರಿಸಿ, ಮುಳ್ಳನ್ನು ಕತ್ತರಿಸಿ, ಆಮೇಲೆ ಹಿಂದಕ್ಕೆ ತೆಗೆಯಬೇಕು. ಅವನು ಇಕ್ಕಳ ತೆಗೆದು ನೀರಿನಲ್ಲಿ ಅದ್ದಿದ. ಬೀಗರು ಕಣ್ಣು ಮುಚ್ಚಿಕೊಂಡು, ಹೂಂ ಅಂದರು. ದೂಡಿದ. ಚರ್ಮ ಒಳಗಿನಿಂದ ಗುಡಾರದ ಹಾಗೆ ಎದ್ದು, ಬೆಳ್ಳಗಾಗಿ, ತೂತಾಗಿ, ಮೊನೆ ಇಣುಕಿತು. ಅಗಲವಾದ ಕೈ, ಜೀವಮಾನವಿಡೀ ಚುಕ್ಕಾಣಿ ಹಿಡಿದು ಗಟ್ಟಿಯಾದದ್ದು. ಇದೇ ಅಗಲದ ಕೈ ಅಳಿಯನದು. ಮದುವೆಯ ದಿನ ಮಗಳ ಕೈ ಅದರೊಳಗೆ ಕಾಣದ ಹಾಗೆ ಮುಚ್ಚಿಹೋಗಿತ್ತು. ಇಕ್ಕಳ ಒತ್ತಿದ. ಟಿಕ್ ಎಂದು ಮುಳ್ಳು ಹಾರಿ ಎಲ್ಲೋ ಬಿತ್ತು. ಆಗ, ಆ ಕೈಯನ್ನು ಇನ್ನೂ ಬಿಡದೆ, ಅದರ ರಕ್ತವನ್ನೇ ನೋಡುತ್ತ ಅವನು ಹೇಳಿದ.

"ಅವಳು ಇನ್ನು ಬರಲ್ಲ ಬೀಗರೇ."

"ಗೊತ್ತು," ಎಂದರು ಬೀಗರು.

ಕಣ್ಣು ಮುಚ್ಚಿಯೇ ಇತ್ತು. ಅವನು ಗಾಳವನ್ನು ಹಿಂದಕ್ಕೆ ಜಾರಿಸಿ ತೆಗೆದ. ಕರವಸ್ತ್ರ ಹರಿದು ಕಟ್ಟಲು ಹೋದ. ರಕ್ತಕ್ಕೆ ಬಟ್ಟೆ ಜಾರಿ ಸರಿಯಾಗಲಿಲ್ಲ. ಬೀಗರು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡು ಎಡಗೈಯಲ್ಲೇ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸುತ್ತತೊಡಗಿದರು. ಸುತ್ತು ಸುತ್ತಿನ ಮೇಲೆ ಅರ್ಧರ್ಧ ಕೂರುತ್ತಿತ್ತು. ಕೊನೆಯನ್ನು ಒಳಗೆ ಮಡಚಿ ಸಿಕ್ಕಿಸಿದರು. ಅವನು ನೋಡುತ್ತಲೇ ಇದ್ದ. ಅವನ ಕಣ್ಣು ಎಲ್ಲಿದೆ ಎಂದು ಬೀಗರೂ ನೋಡಿದರು.

"ಹೌದು. ಅವತ್ತು ಅವಳ ಕೈಗೆ ಕಟ್ಟಿದ್ದು ನಾನೇ," ಎಂದರು. "ಬಾಗಿಲ ಹತ್ರಾನೇ ಇದ್ದೆ ಬೀಗರೇ. ಅವನು ತಿರುಚಿದ್ದು ನೋಡ್ದೆ. ಬಿಡಿಸಿದ್ದೂ ನಾನೇ."

ಅವನು ಕೇಳಬೇಕಾದ ಪ್ರಶ್ನೆ ಒಂದಿತ್ತು. ಕೇಳುವ ಮೊದಲೇ ಬೀಗರು ಉತ್ತರ ಕೊಡಲು ಶುರು ಮಾಡಿದರು. ಆವತ್ತು ನಿಮಗೆ ಹೇಳೋಣ ಅಂತಲೇ ಬಾಯಿ ತೆಗೆದಿದ್ದೆ, ನೀವು ಎಲ್ಲರ ಮನೇಲೂ ಇದ್ದದ್ದೇ ಅಂದಿರಿ, ನನಗೂ ಹಾಗೆ ಯಾರಾದರೂ ಅನ್ನಲಿ ಅಂತಲೇ ಇತ್ತೋ ಏನೋ ಎಂದರು. ಮಗನಿಗೆ ಬುದ್ಧಿ ಹೇಳಿದ್ದರಂತೆ, ಒಮ್ಮೆ ಕಪಾಳಕ್ಕೆ ಹೊಡೆದೂ ಇದ್ದರಂತೆ. ಹೊಡೆದ ಮೇಲೆ, ಇವನಿಗೆ ಇದನ್ನು ಕಲಿಸಿದವನೇ ನಾನಲ್ಲವೆ ಎಂದು ಕೈ ನೋಡಿಕೊಂಡು ಕೂತರಂತೆ. ಇದೆಲ್ಲ ಹೇಳುವಾಗ ಅವರ ದನಿಯಲ್ಲಿ ಅಳುವಿರಲಿಲ್ಲ, ಎಣ್ಣೆ ಸೋರುವ ಇಂಜಿನ್ನಿನ ಬಗ್ಗೆ ಹೇಳಿದ ಹಾಗೇ ಇತ್ತು. ಅವನು ತನ್ನೊಳಗೆ ಸಿಟ್ಟನ್ನು ಹುಡುಕಿದ. ಬಸ್ಸಿನಲ್ಲಿ ಟಿಕೆಟಿಗಾಗಿ ಜೇಬು ತಡಕಾಡುವವನ ಹಾಗೆ, ಇಲ್ಲೇ ಇಟ್ಟಿದ್ದೆನಲ್ಲ ಎಂದು ಎಲ್ಲ ಕಡೆ ತಡಕಾಡಿದ. ಸಿಕ್ಕಿದ್ದು ದಣಿವೊಂದೇ. ಈ ಮನುಷ್ಯ ಮಾಡಿದ ಲೆಕ್ಕಾಚಾರವನ್ನೇ ತಾನೂ ಮಾಡಿದ್ದೆ. ಇಬ್ಬರೂ ಒಂದೇ ತಕ್ಕಡಿಯಲ್ಲಿ ಒಂದು ಕಡೆ ಹುಡುಗಿಯನ್ನೂ ಇನ್ನೊಂದು ಕಡೆ ಈ ರಜೆಯ ದಿನವನ್ನೂ ಇಟ್ಟು ನೋಡಿದವರು.

ವಾಪಸು ಹೋಗೋಣ ಎಂದು ಅವನು ಎದ್ದಾಗ ದೋಣಿ ಅಲುಗಲಿಲ್ಲ. ಗಾಳ ತೆಗೆಯುವ ಗಡಿಬಿಡಿಯಲ್ಲಿ ನೀರು ಅವರ ಕಾಲ ಕೆಳಗಿನಿಂದ ಜಾರಿಹೋಗಿತ್ತು. ಕಾಲುವೆಯ ನಡುವೆ ಒಂದು ಕೈ ಅಗಲದ ತೊರೆ ಬಿಟ್ಟರೆ ಎಲ್ಲ ಕಡೆ ಹೊಳೆಯುವ ಕಪ್ಪು ಕೆಸರು. ಅವನು ಪ್ಯಾಂಟು ಮಡಚಿ ಇಳಿದು ದೂಡಿದ. ತೊಡೆಯವರೆಗೆ ಹೂತು, ಬೀಗರ ಒಳ್ಳೆಯ ಕೈ ಹಿಡಿದೇ ಮೇಲೆ ಬರಬೇಕಾಯಿತು. ಇನ್ನು ನೀರು ಬರುವವರೆಗೆ ಕೂರಬೇಕು ಎಂದರು ಬೀಗರು. ಹೇಳಬೇಕಾದದ್ದು ಹೇಳಿಯಾಗಿದೆ, ಒಬ್ಬರ ಮುಖ ಒಬ್ಬರು ನೋಡುವ ಹಾಗಿಲ್ಲ, ಎದ್ದು ಹೋಗಲು ಜಾಗವೂ ಇಲ್ಲ. ಅವನಿಗೆ ನಗು ಬರುವ ಹಾಗಾಯಿತು. ಕೆಸರಿನಿಂದ ಏಡಿಗಳು ಒಂದೊಂದಾಗಿ ಹೊರಬಂದು, ದೊಡ್ಡ ಕೊಂಡಿ ಎತ್ತಿ ತೋರಿಸಿ, ಇವರಿಬ್ಬರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ತಮ್ಮ ಕೆಲಸ ನೋಡಿಕೊಂಡವು. ಕೊಳೆತ ಎಲೆಯ, ಉಪ್ಪಿನ ವಾಸನೆ ಬಿಸಿಲಿಗೆ ಕುದಿಯುತ್ತಿತ್ತು. ಬಹಳ ಹೊತ್ತಾದ ಮೇಲೆ ಹಸಿವೆಯಾಯಿತು. ಇಂಥ ದಿನವೂ ಹಸಿವೆಯಾಗುತ್ತದೆ. ಅವನು ಬುತ್ತಿ ಬಿಚ್ಚಿದ. ಬೀಗರಿಗೆ ಒಂದೇ ಕೈಯಲ್ಲಿ ಮೊಟ್ಟೆ ಸುಲಿಯಲಾಗಲಿಲ್ಲ. ಅವನು ಸುಲಿದು ಕೊಟ್ಟ. ಹೆಂಡತಿ ಉಪ್ಪನ್ನು ಕಾಗದದಲ್ಲಿ ಬೇರೆ ಕಟ್ಟಿದ್ದಳು, ಇಬ್ಬರಿಗೆ ಸಾಕಾಗುವಷ್ಟು. ಅವಳೂ ಇಬ್ಬರಿಗೆಂದೇ ಕಟ್ಟಿದ್ದಳಲ್ಲ ಎಂದು ನೆನೆದು ಆ ಕಾಗದವನ್ನು ಬೀಗರ ಕಡೆ ಸರಿಸಿದ.

ತಿಂದಾದ ಮೇಲೆ ಬೀಗರು ಕೆಳಗೆ ಬಿದ್ದಿದ್ದ ಮರದ ಮೀನನ್ನು ಎತ್ತಿ, ರಕ್ತ ಒರೆಸಿ, ಕತ್ತರಿಸಿದ ಮೊನೆಯನ್ನು ತಿರುಗಿಸಿ ನೋಡಿದರು. ಗಾಳ ಬೇರೆ ಹಾಕಿದರೆ ಸಾಕು, ಮೈಗೆ ಏನೂ ಆಗಿಲ್ಲ ಎಂದರು. ಆಮೇಲೆ ಆಕಾಶ ನೋಡಿ, ಬಾಯಿ ತಪ್ಪಿ, ಹಳೆಯ ಅಭ್ಯಾಸದ ಬಲದಿಂದಲೇ ಇರಬೇಕು, "ಮುಂದಿನ ವಾರ ಹುಣ್ಣಿಮೆ. ನೀರು ಚೆನ್ನಾಗಿರತ್ತೆ," ಎಂದರು.

ಸಿಟ್ಟು ಆಗ ಬಂತು. ಎಲ್ಲಿತ್ತೋ, ಹೊಟ್ಟೆಯಿಂದ ಎದ್ದು ಕಿವಿಯವರೆಗೆ ಬಿಸಿಯಾಗಿ ಬಂತು. ಬೀಗರ ಮೇಲೆ ಅಷ್ಟಲ್ಲ. ಆ ಮಾತು ಕೇಳಿದ ಕೂಡಲೇ ತನ್ನೊಳಗೆ ಯಾವುದೋ ಒಂದು ನಾಯಿ ಬಾಲ ಅಲ್ಲಾಡಿಸಿತಲ್ಲ, ಹೌದಾ, ಹುಣ್ಣಿಮೆಯಾ ಎಂದು ಕಿವಿ ನಿಮಿರಿಸಿತಲ್ಲ, ಅದರ ಮೇಲೆ. ಮನೆಯಲ್ಲಿ ಮಗಳು ಬಾಗಿಲು ಅರ್ಧ ತೆರೆದು ಮಲಗಿದ್ದಾಳೆ, ಇಲ್ಲಿ ತಾನು ಮುಂದಿನ ವಾರದ ನೀರಿನ ಬಗ್ಗೆ ಆಸೆಪಡುತ್ತಿದ್ದೇನೆ. ಅವನು ಕೈಯಲ್ಲಿದ್ದ ಮೊಟ್ಟೆಯ ಸಿಪ್ಪೆಯನ್ನು ಕೆಸರಿಗೆ ಎಸೆದ.

"ವಕೀಲರು ನೋಡಿದವರು ಬೇಕು ಅಂತಾರೆ," ಎಂದ. "ನೀವು ನೋಡಿದ್ದೀರಿ. ಅಲ್ಲಿ ಬಂದು ಹೇಳ್ತೀರಾ?"

ಬೀಗರು ಮರದ ಮೀನನ್ನು ಡಬ್ಬಿಯೊಳಗೆ ಇಟ್ಟರು. ಮುಚ್ಚಳ ಹಾಕಿದರು. ತೊರೆಯಲ್ಲಿ ಒಂದು ಎಲೆ ಕಡಲ ಕಡೆ ಹೋಗುತ್ತಿದ್ದದ್ದು ನಿಂತು, ಏನು ಮಾಡಲಿ ಎನ್ನುವ ಹಾಗೆ ಒಂದು ಸುತ್ತು ಸುತ್ತಿತು. ನೀರು ತಿರುಗುವ ಹೊತ್ತು.

"ಅವನು ನನ್ನ ಮಗ ಬೀಗರೇ. ನನ್ನ ಕೈಲಿ ಆಗಲ್ಲ. ಅವನಮ್ಮ ಮನೇಲಿದಾಳೆ. ನನ್ನ ಕೈಲಿ ಆಗಲ್ಲ."

ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಾನಾಗಿದ್ದರೂ ಆಗುತ್ತಿರಲಿಲ್ಲ. ಇಲ್ಲಿಗೆ ಬಿಟ್ಟುಬಿಡಬಹುದು, ಕೇಳಿದೆ, ಅವರು ಆಗಲ್ಲ ಅಂದರು ಎಂದು ಮನೆಗೆ ಹೋಗಿ ಕೈ ತೊಳೆದುಕೊಳ್ಳಬಹುದು. ಹೆಂಡತಿಯೂ ಹೆಚ್ಚು ಕೆದಕುವವಳಲ್ಲ. ಎಂದಿನ ಅವನು ಅಷ್ಟಕ್ಕೆ ಬಿಟ್ಟು ರಾಡುಗಳನ್ನು ಒರೆಸಲು ಶುರು ಮಾಡುತ್ತಿದ್ದ. ಅವನು ರಾಡಿನ ಕಡೆ ಕೈ ಚಾಚಿದ್ದೂ ನಿಜ. ಚಾಚಿದ ಕೈಯನ್ನು ಹಾಗೇ ಮೊಣಕಾಲಿನ ಮೇಲೆ ಇಟ್ಟುಕೊಂಡ.

"ಹಾಗಾದ್ರೆ ನೀವು ನಂಗೆ ಹೇಳಿದ್ರಿ ಅಂತ ನಾನು ಹೇಳ್ತೀನಿ," ಎಂದ. ತನ್ನ ದನಿ ಬೇರೆ ಯಾರದೋ ಅನ್ನಿಸಿತು. "ಈ ದೋಣೀಲಿ ಕೂತು, ನಿಮ್ಮ ಬಾಯಿಂದಾನೇ ಕೇಳ್ದೆ ಅಂತ ಹೇಳ್ತೀನಿ. ನಿಮ್ಮನ್ನ ಕರೆಸಿ ಕೇಳ್ತಾರೆ."

ಬೀಗರು ತಲೆ ಎತ್ತಿ ಅವನನ್ನು ನೋಡಿದರು. ಬೆಳಗಿನಿಂದ ಇದೇ ಮೊದಲು ಇಬ್ಬರ ಕಣ್ಣೂ ಕೂಡಿದ್ದು. ಆ ನೋಟದಲ್ಲಿ ಸಿಟ್ಟಿತ್ತು, ಬೇಡಿಕೆಯಿತ್ತು, ಆಮೇಲೆ ಎರಡೂ ನೀರಿಳಿದ ಹಾಗೆ ಇಳಿದು ಬರೀ ಒಬ್ಬ ಮುದುಕನ ಮುಖ ಉಳಿಯಿತು. ಬಿಳಿ ಗಡ್ಡದ ಚೂರು, ಬಾಯಿಯ ಮೂಲೆಯಲ್ಲಿ ಮೊಟ್ಟೆಯ ಹಳದಿ.

"ಹೇಳಿ," ಎಂದರು. "ನಾನಾಗಿ ಬರಲ್ಲ. ಕರೆಸಿದ್ರೆ ಇಲ್ಲ ಅನ್ನಲ್ಲ."

ನೀರು ಬಂತು. ಮೊದಲು ಏಡಿಗಳ ಬಿಲಗಳನ್ನು ತುಂಬಿ, ಆಮೇಲೆ ದೋಣಿಯ ಅಡಿಯನ್ನು ನೆಕ್ಕಿ, ಕೊನೆಗೆ ಒಂದು ಕಡೆಯಿಂದ ಮೆಲ್ಲಗೆ ಎತ್ತಿತು. ಕಾಲುವೆಯ ಬಾಯಲ್ಲಿ ದೊಡ್ಡ ಮೀನೊಂದು ಪಟ್ಟೆಂದು ನೀರು ಒಡೆದು ಚಿಕ್ಕದನ್ನು ಅಟ್ಟಿಸಿಕೊಂಡು ಹೋಯಿತು. ಇಬ್ಬರೂ ತಿರುಗಿ ನೋಡಿದರು, ಯಾರೂ ರಾಡು ಮುಟ್ಟಲಿಲ್ಲ. ಕೋಲು ಹಾಕುವುದು ಬೀಗರಿಗೆ ಆಗುವ ಹಾಗಿರಲಿಲ್ಲ. ಅವನೇ ಎದ್ದು ನಿಂತು, ಅಡ್ಡಾದಿಡ್ಡಿಯಾಗಿ, ಬೇರುಗಳಿಗೆ ತಾಗಿಸುತ್ತ ದೋಣಿಯನ್ನು ಹೊರಗೆ ತಂದ. ಎಡಕ್ಕೆ, ಇನ್ನೂ ಎಡಕ್ಕೆ ಎಂದು ಬೀಗರು ಎರಡು ಸಲ ಹೇಳಿದರು, ಅಷ್ಟೇ. ದಕ್ಕೆಯಲ್ಲಿ ಇಳಿಯುವಾಗ ಅವರು ಕೈ ಚಾಚಲಿಲ್ಲ. ಕಾಯಿಸಿದ ನೀರಲ್ಲಿ ಗಾಯ ತೊಳೆಸಿ, ಇಂಜೆಕ್ಷನ್ ಹಾಕಿಸಿಕೊಳ್ಳಿ, ಬಿಡಬೇಡಿ ಎಂದು ಅವನು ಹೇಳಿದ. ಅವರು ತಲೆಯಾಡಿಸಿದರು. ಬೀಗರೇ ಎಂದು ಕರೆಯಲು ಇಬ್ಬರಿಗೂ ನಾಲಿಗೆ ಏಳಲಿಲ್ಲ. ಕರೆಯಲು ಬೇರೆ ಹೆಸರೂ ಇರಲಿಲ್ಲ. ಬಸ್ಸಿನಲ್ಲಿ ಜನ ಅವನ ಕೆಸರು ನೋಡಿ ಸರಿದು ಕೂತರು. ಅವನು ನಿಂತೇ ಬಂದ.

ಬಾಗಿಲು ತೆಗೆದವಳು ಮಗಳು. ತಾಯಿ ಮಾತ್ರೆ ತರಲು ಅಂಗಡಿಗೆ ಹೋಗಿದ್ದಾಳೆ ಎಂದಳು. ಅವನ ಅಂಗಿಯ ಮೇಲಿನ ರಕ್ತ ನೋಡಿದಳು, ತೊಡೆಯವರೆಗಿನ ಕೆಸರು ನೋಡಿದಳು, ಏನೂ ಕೇಳದೆ ದಾರಿ ಬಿಟ್ಟಳು. ಅವನು ನಡುಮನೆಯಲ್ಲಿ ಕೆಸರಿನ ಹೆಜ್ಜೆ ಮೂಡಿಸಿಕೊಂಡು ಸ್ನಾನದ ಮನೆಗೆ ಹೋಗುತ್ತ, ಹಿಂದಿರುಗಿ ನೋಡದೆ ಹೇಳಿದ: ಹೇಳಿದೆ. ನಿನ್ನ ಮಾವ ನೋಡಿದ್ದು ನಿಜವಂತೆ. ಕರೆಸಿದರೆ ಇಲ್ಲ ಅನ್ನಲ್ಲವಂತೆ. ಅವಳು ಗೋಡೆಗೆ ಆನಿಕೊಂಡು ನಿಂತಿದ್ದು ಮಾತ್ರ ಕಣ್ಣಂಚಿಗೆ ಕಂಡಿತು. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ನಲ್ಲಿ ತಿರುಗಿಸಿದ, ಬಕೆಟ್ಟಿಗೆ ನೀರು ಧೋ ಎಂದು ಬೀಳತೊಡಗಿತು. ಕಾಲಿನ ಕೆಸರು ಅಷ್ಟರಲ್ಲೇ ಒಣಗಿ ಬಿಗಿದಿತ್ತು. ಸೋಪು ಹಚ್ಚಿಕೊಂಡ.

ಬಾಗಿಲ ಆಚೆಯಿಂದ ಅವಳು ಏನೋ ಅಂದ ಹಾಗಾಯಿತು. ಒಂದು ಗಳಿಗೆ ಅವನು ಹಾಗೇ ನಿಂತ, ಕೇಳಿಸಲಿಲ್ಲ ಎಂದುಕೊಳ್ಳಲು ನೀರಿನ ಸದ್ದು ಸಾಕಷ್ಟಿತ್ತು. ಆಮೇಲೆ ಕೈ ಚಾಚಿ ನಲ್ಲಿಯನ್ನು ಬಿಗಿಯಾಗಿ ಮುಚ್ಚಿದ.

"ಏನಂದೆ ಮಗಾ?"

ಅವಳ ಬೆನ್ನು ಬಾಗಿಲಿಗೆ ತಾಗಿ ಕೆಳಕ್ಕೆ ಜಾರುತ್ತ ಹೋಗಿ, ಅವಳು ಹೊರಗೆ ನೆಲದ ಮೇಲೆ ಕೂತದ್ದು ಗೊತ್ತಾಯಿತು. "ಕೈ ತಿರುಚಿದ್ದೇ ಮೊದಲ್ನೇ ಸಲ ಅಲ್ಲ ಅಪ್ಪ," ಎಂದಳು. "ಅದಕ್ಕಿಂತ ಮುಂಚೆ. ಆ ಮನೆಗೆ ಹೋದ ಎರಡನೇ ತಿಂಗಳು." ನಿಲ್ಲಿಸಿದಳು. ಅವನು ಹೂಂ ಅಂದ. ಅವಳು ಮತ್ತೆ ಶುರು ಮಾಡಿದಳು, ಮೊದಲಿನಿಂದ, ಯಾವ ಕೋಣೆ, ಎಷ್ಟು ಸಣ್ಣ ಮಾತು, ಆಮೇಲೆ ಏನು ಎಂದು. ಮೈಮೇಲಿನ ಸೋಪು ಒಣಗಿ ಚರ್ಮ ಎಳೆಯತೊಡಗಿತ್ತು. ಅವನು ಕದಲದೆ ನಿಂತು ಕೇಳಿದ. ಅವಳು ತಡೆದಾಗಲೆಲ್ಲ, ಕೇಳುತ್ತಿದ್ದೇನೆ ಎಂದು ಗೊತ್ತಾಗುವಷ್ಟು ಮಾತ್ರ, ಹೂಂ ಅನ್ನುತ್ತ.